ಬಾಗಿಲ ಪಕ್ಕದ ಚರಕ

2006ರ ಬೇಸಿಗೆಯ ಒಂದು ಶುಕ್ರವಾರ ಶಿಡ್ಲಘಟ್ಟದ ಚಿತ್ರಮಂದಿರವೊಂದರಲ್ಲಿ ದೆವ್ವದ ಸಿನಿಮಾ ಒಂದು ತೆರೆಕಂಡಿತು. ಮಧ್ಯಾಹ್ನದ ಆಟಕ್ಕೆ ಜನ ಚೆನ್ನಾಗಿಯೇ ಸೇರಿದ್ದರು. ದೆವ್ವ ಬಂದಾಗ ನಕ್ಕರು.

ಇದನ್ನು ನೆನಪಿಗೆ ತಂದದ್ದು ನಮ್ಮ ಅಡುಗೆಮನೆಯ ಬಾಗಿಲು. ಕೆಲವು ದಿನಗಳಿಂದ ಅದು ತೆರೆದರೆ ಒಂದು ಥರ, ಮುಚ್ಚಿದರೆ ಇನ್ನೊಂದು ಥರ ಕಿರುಗುಟ್ಟುತ್ತಿದೆ. ಮನೆಯಾಕೆ ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿ ತಂದು ನನ್ನ ಕೈಗಿತ್ತು, "ಎರಡು ತೊಟ್ಟು ಬಿಡಿ, ನಿಮ್ಮ ಬರವಣಿಗೆ ಎಲ್ಲಿಗೂ ಓಡಿಹೋಗಲ್ಲ" ಎಂದಳು. ಉದ್ದ ಮೂತಿಯ, ತಳ ಒತ್ತಿದರೆ ಟಕ್ಕೆನ್ನುವ ಡಬ್ಬಿ. ಅದನ್ನು ಹಿಡಿದು ಬಾಗಿಲ ಮುಂದೆ ನಿಂತೆ. ಎಣ್ಣೆ ಬಿಡುವ ಬದಲು ಬಾಗಿಲನ್ನೇ ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಕೇಳಿದೆ. ಎಲ್ಲೋ ಕೇಳಿದ ಸದ್ದು. ಎಲ್ಲಿ ಎಂದು ಹೊಳೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತ್ತು, ಅದಕ್ಕೂ ನಾನೇ ಕಾರಣ ಎಂದು ತೀರ್ಮಾನವಾಗಿತ್ತು.

ಸದ್ದಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅಭ್ಯಾಸವಿದೆ. ಸದ್ದೊಂದು ಕಿವಿಗೆ ಬಿದ್ದರೆ ಅದು ಇಂಪಾಗಿದೆಯೇ ಎಂದು ಯೋಚಿಸುವುದಿಲ್ಲ. ಎಲ್ಲಿ ಏನು ಕೆಟ್ಟಿದೆ ಎಂದು ಯೋಚಿಸುತ್ತಾರೆ. ಮುದ್ದೇನಹಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿರುವಾಗ ಬೀದಿಯ ತಿರುವಿನಾಚೆ ಎತ್ತಿನ ಬಂಡಿ ಬಂದರೆ, ತಲೆ ಎತ್ತದೆ, "ವೆಂಕಟರೋಣಪ್ಪನ ಬಂಡಿ. ಎಡಗಡೆ ಗಾಲಿಗೆ ಕೀಲೆಣ್ಣೆ ಇಲ್ಲ" ಎನ್ನುತ್ತಿದ್ದಳು. ತಿರುವು ದಾಟಿದರೆ ಅದು ವೆಂಕಟರೋಣಪ್ಪನ ಬಂಡಿಯೇ ಆಗಿರುತ್ತಿತ್ತು. ಎಡಗಡೆ ಗಾಲಿಯ ವಿಷಯವನ್ನು ನಾನು ಖಚಿತಪಡಿಸಿಕೊಳ್ಳಲಿಲ್ಲ. ಆಗಿನ್ನೂ ನಾನು ವರದಿಗಾರನಾಗಿರಲಿಲ್ಲ.

ಇಂಥ ಕಿವಿಗಳ ನಡುವೆ ಮುನಿರಾಜು ಗಿಟಾರ್ ಹಿಡಿದ.

ಮುನಿರಾಜು ನನ್ನ ಕಾಲೇಜು ಗೆಳೆಯ. ಚಿಕ್ಕಬಳ್ಳಾಪುರದಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನ ಊರು ಶಿಡ್ಲಘಟ್ಟ. ಅವರಪ್ಪ ಆಂಜಿನಪ್ಪನವರು ರೇಷ್ಮೆ ನೂಲು ಬಿಚ್ಚುವವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಮೂರು ಚರಕ. ನೋಡದವರಿಗಾಗಿ ಹೇಳುತ್ತೇನೆ: ಒಬ್ಬರು ಕುದಿಯುವ ನೀರಿನ ಬಾಣಲೆಯ ಮುಂದೆ ಕೂತು ಗೂಡುಗಳಿಂದ ಎಳೆ ಎತ್ತಿ ಕೂಡಿಸುತ್ತಾರೆ. ಇನ್ನೊಬ್ಬರು ಹಿಂದೆ ನಿಂತು ದೊಡ್ಡ ರಾಟೆ ತಿರುಗಿಸುತ್ತಾರೆ. ನೂಲು ಬಂದು ರಾಟೆಗೆ ಸುತ್ತಿಕೊಳ್ಳುತ್ತದೆ. ಬೆಂದ ಹುಳುವಿನ ವಾಸನೆ ಶೆಡ್ಡಿನಲ್ಲಿರುವ ಎಲ್ಲಕ್ಕೂ ಹತ್ತುತ್ತದೆ. ಮುನಿರಾಜುವಿನ ಗಿಟಾರ್ ಚೀಲಕ್ಕೂ ಹತ್ತಿತ್ತು. ಮುಂದೆ ಬೆಂಗಳೂರಿನ ಬ್ಯಾಂಡಿನವರು ಆ ಚೀಲವನ್ನು ಬಾಗಿಲಾಚೆ ಇಡಲು ಹೇಳುತ್ತಿದ್ದರಂತೆ.

ಅವನು ಮೊದಲು ಸೇರಿದ್ದು ಚಿಂತಾಮಣಿಯ ಒಂದು ಆರ್ಕೆಸ್ಟ್ರಾಕ್ಕೆ. ಮದುವೆ, ಗಣೇಶನ ಪೆಂಡಾಲು, ಯಾರಾದರೂ ಗೆದ್ದ ಸಂಭ್ರಮ. ಒಂದೇ ಕಾರ್ಯಕ್ರಮದಲ್ಲಿ ಕನ್ನಡ, ತೆಲುಗು, ಹಿಂದಿ ಹಾಡು. ಗಿಟಾರಿನವನ ಜಾಗ ಡ್ರಮ್ಮಿನ ಹಿಂದೆ. ಕೊನೆಯಲ್ಲಿ ನಿರೂಪಕ ಹಾಡಿದವರ ಹೆಸರು ಹೇಳುತ್ತಿದ್ದ, ಕೀಬೋರ್ಡಿನವರ ಹೆಸರು ಹೇಳುತ್ತಿದ್ದ, ತಬಲಾದವರ ಹೆಸರು ಹೇಳಿ, "ಮತ್ತು ಸಂಗಡಿಗರು" ಎಂದು ಮುಗಿಸುತ್ತಿದ್ದ. ಆ ಸಂಗಡಿಗರೇ ಮುನಿರಾಜು.

ಕಾಲೇಜಿನಲ್ಲಿ ಅವನೇ ಒಂದು ಬ್ಯಾಂಡ್ ಕಟ್ಟಿದ. ರಾಕ್ ಬ್ಯಾಂಡ್. ನನಗೂ ಗಿಟಾರ್ ಕಲಿಸಲು ಒಂದು ವಾರ ನೋಡಿದ. ವಾರದ ಕೊನೆಗೆ, "ನೀನು ವೈರ್ ಸುತ್ತು, ಸಾಕು" ಎಂದ. ಅಂದಿನಿಂದ ನಾನು ಬ್ಯಾಂಡಿನ ವೈರ್ ಸುತ್ತುವವನು. ಇವತ್ತಿಗೂ ಮೈಕಿನ ವೈರನ್ನು ಗಂಟುಬೀಳದಂತೆ ಸುತ್ತುವುದು ನನಗೆ ಬರುವ ಏಕೈಕ ಲಲಿತಕಲೆ.

ಗೌರಿಬಿದನೂರಿನ ಒಂದು ಕಾಲೇಜಿನ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದಿದ್ದರು. ರಾಕ್ ಸಂಗೀತದಲ್ಲಿ ಗಿಟಾರಿನ ಸದ್ದನ್ನು ಬೇಕೆಂದೇ ಒಡೆದು, ಹರಿದು, ಗರಗರ ಎನ್ನಿಸುತ್ತಾರೆ. ಮುನಿರಾಜು ಕಾಲಿನಿಂದ ಪೆಡಲ್ ಒತ್ತಿ ಮೊದಲ ಬಾರಿಗೆ ತಂತಿ ಮೀಟಿದ. ತಕ್ಷಣ ಇಡೀ ವೇದಿಕೆಯ ಸದ್ದು ನಿಂತುಹೋಯಿತು. ಮೈಕ್ ಸೆಟ್ಟಿನವರು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು.

"ಯಾಕಣ್ಣ ಆಫ್ ಮಾಡಿದ್ರಿ?"

"ನನ್ನ ಬಾಕ್ಸ್ ಹರಿದೋಯ್ತಲ್ಲಪ್ಪ. ಕೇಳಿಸಲಿಲ್ವಾ?"

"ಹರಿದಿಲ್ಲಣ್ಣ. ಅದಿರೋದೇ ಹಂಗೆ."

"ಹಂಗಿರೋದಾದ್ರೆ ನಿಮ್ಮನೇಲಿ ಇಟ್ಕೊ. ಇದು ನಾನು ಮೊನ್ನೆ ಹಾಕಿಸಿರೋ ಸ್ಪೀಕರು."

ಅವರು ಪ್ಲಗ್ ಹಾಕುವುದು, ಇವನು ಮೀಟುವುದು, ಅವರು ಕೀಳುವುದು. ಕೊನೆಗೆ ಪ್ರಿನ್ಸಿಪಾಲರು ಬಂದು ರಾಜಿ ಮಾಡಿಸಿದರು: ಪೆಡಲ್ ಇಲ್ಲದೆ ಒಂದು ಭಾವಗೀತೆ. ವೈರ್ ಸುತ್ತುವಾಗ ನಾನು ಮುನಿರಾಜುವಿನ ಮುಖ ನೋಡಲಿಲ್ಲ.

ಆಮೇಲೆ ಅವನು ಬೆಂಗಳೂರಿಗೆ ಹೋದ. ಒಂದು ಬ್ಯಾಂಡ್, ಅದು ಚದುರಿ ಇನ್ನೊಂದು ಬ್ಯಾಂಡ್. ಕೂದಲು ಭುಜಕ್ಕೆ ಬಂತು. ಅಲ್ಲಿ ಅವನ ಹೆಸರು ಮ್ಯಾನಿ ಆಯಿತು. ಹೆಸರು ಸಿಕ್ಕಿತೇನೋ ಸರಿ, ಆದರೆ ಅದು ತನ್ನದಾಗಿರಲಿಲ್ಲ ಎಂದು ಒಮ್ಮೆ ಹೇಳಿದ್ದ. ನಾನು ಚಿಕ್ಕಬಳ್ಳಾಪುರದಲ್ಲೇ ಉಳಿದು ಪತ್ರಿಕೆಗೆ ಸುದ್ದಿ ಕಳಿಸುವವನಾದೆ. ಆಗಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆಯಾಗಿರಲಿಲ್ಲ. ನಮ್ಮದೆಲ್ಲ ಕೋಲಾರದ ಪುಟದಲ್ಲಿ, ಟೊಮೆಟೊ ದರದ ಕೆಳಗೆ ಬರುತ್ತಿತ್ತು.

ಎರಡನೆಯ ಬ್ಯಾಂಡೂ ಚದುರಿದ ಮೇಲೆ ಮುನಿರಾಜು ಗಿಟಾರ್ ಮತ್ತು ಒಂದು ಸಣ್ಣ ಆಂಪ್ಲಿಫೈಯರ್ ಹೊತ್ತು ಊರಿಗೆ ಬಂದ. ಜೊತೆಗೆ ಒಂದು ಕೆಲಸವನ್ನೂ ತಂದಿದ್ದ. ಬೆಂಗಳೂರಿನಲ್ಲಿ ಪರಿಚಯವಾದ ನಿರ್ದೇಶಕರೊಬ್ಬರು ದೆವ್ವದ ಸಿನಿಮಾ ಮಾಡುತ್ತಿದ್ದರು. ಹಿನ್ನೆಲೆ ಸಂಗೀತಕ್ಕೆ ದೊಡ್ಡವರನ್ನು ಕರೆಯುವ ಶಕ್ತಿ ಅವರಿಗಿರಲಿಲ್ಲ. ಆಂಜಿನಪ್ಪನವರು ಎಲ್ಲವನ್ನೂ ಕೇಳಿಸಿಕೊಂಡು ಮಗನಿಗೆ ಹೇಳಿದ್ದು ಇಷ್ಟು. ಆ ಹೊತ್ತಿಗೆ ನಾನೂ ಅಲ್ಲಿದ್ದೆ.

"ಸಿನಿಮಾ ನಮ್ಮೂರಿಗೆ ಬರುತ್ತಲ್ಲ, ಬರ್ಲಿ. ನೋಡೋಣ. ಜನ ಒಪ್ಪಿದ್ರೆ ನಿಂದು ನೀನು ನೋಡ್ಕೊ, ನಾನು ಇನ್ನು ಕೇಳಲ್ಲ. ಇಲ್ಲಾಂದ್ರೆ ಬಂದು ಶೆಡ್ಡಲ್ಲಿ ನಿಂತ್ಕೊ. ಮೂವತ್ತಾಯ್ತು ಕಣಪ್ಪ ನಿಂಗೆ."

"ಆಯ್ತಪ್ಪ" ಎಂದ ಮುನಿರಾಜು.

"ಪೇಪರಪ್ಪ, ನೀನೂ ಕೇಳಿಸ್ಕೊಂಡ್ಯಲ್ಲ." ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೆ. ನಾನು ಕೇಳಿಸಿಕೊಂಡೆ ಎಂದೆ.

ಆ ದಿನಗಳಲ್ಲಿ ಗೂಡಿನ ದರ ಏರಿ ಶೆಡ್ಡು ಒಂದು ವಾರ ನಿಂತಿತ್ತು. ಒಂದು ಮಧ್ಯಾಹ್ನ ಮುನಿರಾಜು ಗಿಟಾರನ್ನು ಬಾಗಿಲ ಪಕ್ಕದ ಚರಕದ ಮರದ ಚೌಕಟ್ಟಿಗೆ ಒರಗಿಸಿ ಊಟಕ್ಕೆ ಕೂತಿದ್ದ. ಆಂಪ್ಲಿಫೈಯರ್ ಆಫ್ ಮಾಡಿರಲಿಲ್ಲ. ಅವರಮ್ಮ ಕಸ ಗುಡಿಸುತ್ತಾ ಬಂದು, ಅಡ್ಡವಾಯಿತೆಂದು ರಾಟೆಯನ್ನು ಅರ್ಧ ಸುತ್ತು ತಿರುಗಿಸಿದರು. ರಾಟೆಯ ಎಣ್ಣೆ ಒಣಗಿದ ಅಚ್ಚಿನ ನರಳಾಟ ಚೌಕಟ್ಟಿಗೆ ಹತ್ತಿ, ಚೌಕಟ್ಟಿನಿಂದ ಗಿಟಾರಿಗೆ ಇಳಿದು, ತಂತಿಗಳು ತಾವಾಗಿ ನಡುಗಿದವು. ಮೊದಲು ನೆಲದೊಳಗಿಂದ ಬಂದಂಥ ನರಳಿಕೆ. ಆಮೇಲೆ ಸಣ್ಣಗೆ, ಉದ್ದಕ್ಕೆ, ಯಾರೋ ಹಲ್ಲು ಕಚ್ಚಿ ಅತ್ತಂತೆ. ಅವರಮ್ಮ ಪೊರಕೆ ಬಿಟ್ಟು "ಏಮಿರಾ ಅದಿ" ಎಂದರು. ಅವರ ಮನೆಯಲ್ಲಿ ಗಾಬರಿಯಾದಾಗ ತೆಲುಗು ಬರುತ್ತದೆ.

ಮುನಿರಾಜು ತಟ್ಟೆ ಬಿಟ್ಟು ಎದ್ದ. ಆ ವಾರ ಪೂರ್ತಿ ಅವನು ಚರಕ ತಿರುಗಿಸಿ ಆ ಸದ್ದನ್ನು ರೆಕಾರ್ಡರಿನಲ್ಲಿ ಹಿಡಿದುಕೊಂಡ. ಬೆಂಗಳೂರಿನ ಸ್ಟುಡಿಯೋದಲ್ಲಿ ಅದನ್ನು ಕೇಳಿಸಿದಾಗ ಅಲ್ಲಿನ ಸೌಂಡ್ ಎಂಜಿನಿಯರ್ ಎದ್ದುಹೋಗಿ ದೀಪ ಹಾಕಿದರಂತೆ.

ಹೀಗೆ ಆ ಶುಕ್ರವಾರ ಬಂತು. ನಾವು ಮಧ್ಯದ ಸಾಲಿನಲ್ಲಿ ಕೂತಿದ್ದೆವು: ಒಗೆದ ಪಂಚೆಯುಟ್ಟ ಆಂಜಿನಪ್ಪನವರು, ಮುನಿರಾಜು, ನಾನು. ಹಿಂದೆ ಪಕ್ಕದ ಶೆಡ್ಡಿನ ಬಾಬಾಜಾನ್ ಸಾಹೇಬರು, ಅವರ ಸುತ್ತ ಬೀದಿಯ ಅರ್ಧ ಜನ. ಹೆಸರುಗಳು ಬರತೊಡಗಿದವು. "ಹಿನ್ನೆಲೆ ಸಂಗೀತ: ಶಿಡ್ಲಘಟ್ಟ ಮುನಿರಾಜು." ಮ್ಯಾನಿಯಲ್ಲ, ಸಂಗಡಿಗರಲ್ಲ. ಶಿಳ್ಳೆ ಬಿತ್ತು. ಆಂಜಿನಪ್ಪನವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

ಕಥೆ ಸಾಗಿತು. ನಾಯಕಿ ಒಬ್ಬಳೇ ಪಾಳು ಬಂಗಲೆಯ ಮೆಟ್ಟಿಲು ಹತ್ತಿದಳು. ದೀಪ ಆರಿತು. ಆ ಸದ್ದು ಬಂತು. ಮುನಿರಾಜು ನನ್ನ ಮೊಣಕೈ ಹಿಡಿದುಕೊಂಡ. ಆಮೇಲೆ ಹಿಂದಿನ ಸಾಲಿನಿಂದ ಯಾರೋ, ಸಿಟ್ಟಿಲ್ಲದೆ, ತಮಾಷೆಯೂ ಇಲ್ಲದೆ, ತಿಳಿವಳಿಕೆ ಹೇಳುವ ದನಿಯಲ್ಲಿ ಹೇಳಿದರು:

"ಯಾರ್ದಪ್ಪಾ ಆ ಚರಕ? ಒಂಚೂರು ಎಣ್ಣೆ ಬಿಡ್ರೋ."

ಇಡೀ ಥಿಯೇಟರು ನಕ್ಕಿತು. ನಗು ತಗ್ಗುತ್ತಿದ್ದಂತೆ ಬಾಬಾಜಾನ್ ಸಾಹೇಬರು ಮುಂದಕ್ಕೆ ಬಾಗಿದರು.

"ಅರೆ ಆಂಜಿನಪ್ಪ, ನಿಂದೇ ಅಲ್ವೇನಯ್ಯಾ ಇದು? ಬಾಗಿಲ ಪಕ್ಕದ್ದು. ಗೂಡು ದುಬಾರಿಯಾದಾಗ ಗೋಡೆ ಆ ಕಡೆಯಿಂದ ನಂಗೆ ಕೇಳಿಸ್ತಿತ್ತಲ್ಲ."

ಆಂಜಿನಪ್ಪನವರು ತಿರುಗಿ ನೋಡಲಿಲ್ಲ. ಮುಂದೆ ದೆವ್ವ ಬಂದಾಗಲೆಲ್ಲ ಜನ ಅದನ್ನು ಮಾತಾಡಿಸಿದರು. "ಬಂದ್ಲು ನೋಡು, ಡಬ್ಬಿ ತಗೊಂಬಾ." "ಮೆಲ್ಲಗೆ ತಿರುಗ್ಸಮ್ಮಾ ತಾಯಿ, ನೂಲು ಕಡ್ದೋಗುತ್ತೆ." ದೆವ್ವ ಒಂದು ಕೊಲೆ ಮಾಡಿದಾಗಲೂ ಒಬ್ಬರು, "ಪಾಪ, ಅಷ್ಟೊತ್ತಿಂದ ಕೇಳ್ತಾ ಅವ್ಳೆ, ಎಣ್ಣೆ ಕೊಡಬಾರ್ದಾ" ಎಂದರು.

ಆಟ ಬಿಟ್ಟ ಮೇಲೆ ಮೂವರೂ ನಡೆದುಕೊಂಡೇ ಮನೆಗೆ ಬಂದೆವು. ದಾರಿಯಲ್ಲಿ ಆಂಜಿನಪ್ಪನವರು ಮಾತಾಡಿದ್ದು ಒಂದೇ ಸಲ.

"ಅಚ್ಚು ಒಣಗಿದ್ದು ಆ ಒಂದ್ವಾರ. ಜೀವಮಾನದಲ್ಲಿ ಒಂದ್ವಾರ. ಅದನ್ನೇ ಹಿಡಿದು ಊರಿಗೆಲ್ಲ ಕೇಳಿಸ್ಬಿಟ್ಟೆ."

ಮರುದಿನ ಬೆಳಗ್ಗೆ ಅವರು ಬಾಗಿಲ ಪಕ್ಕದ ಚರಕದ ಅಚ್ಚು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಹಾಕಿ ಕೂರಿಸಿದರು. ಮುನಿರಾಜು ಗಿಟಾರನ್ನು ಗೂಟಕ್ಕೆ ನೇತುಹಾಕಿ, ತೋಳು ಮಡಚಿ, ಅದೇ ಚರಕದ ಹಿಂದೆ ನಿಂತು ರಾಟೆ ತಿರುಗಿಸತೊಡಗಿದ. ಮಾತು ಕೊಟ್ಟಿದ್ದ. ರಾಟೆ ಸದ್ದಿಲ್ಲದೆ ತಿರುಗಿತು.

ಪತ್ರಿಕೆಗೆ ನಾನು "ಶಿಡ್ಲಘಟ್ಟದ ಯುವಕನಿಂದ ಚಿತ್ರಕ್ಕೆ ಸಂಗೀತ" ಎಂದು ಒಂದು ಕಾಲಂ ಸುದ್ದಿ ಕಳಿಸಿದೆ. "ಚಿತ್ರಕ್ಕೆ ಸ್ಥಳೀಯರಿಂದ ಉತ್ತಮ ಪ್ರತಿಕ್ರಿಯೆ ವ್ಯಕ್ತವಾಯಿತು" ಎಂಬ ವಾಕ್ಯವೂ ಅದರಲ್ಲಿತ್ತು. ಪ್ರತಿಕ್ರಿಯೆ ಏನೆಂದು ಡೆಸ್ಕಿನವರು ಕೇಳಲಿಲ್ಲ.

ಕೆಲವು ವಾರ ಹೀಗೇ ಹೋಯಿತು. ಆಮೇಲೆ ನಿರ್ದೇಶಕರ ಫೋನ್ ಬಂತು. ಚರಕ ಕಾಣದ ಊರುಗಳಲ್ಲೆಲ್ಲ ಜನ ಹೆದರಿದ್ದರು. ಕೆಲವು ಊರುಗಳಲ್ಲಿ ಆ ಸದ್ದಿಗೇ ಎರಡನೆಯ ಸಲ ಬಂದಿದ್ದರು. ನಿರ್ದೇಶಕರಿಗೆ ಇನ್ನೊಂದು ದೆವ್ವದ ಸಿನಿಮಾ ಸಿಕ್ಕಿತ್ತು. ಮುನಿರಾಜುವೇ ಬೇಕು, ಆದರೆ ಆ ಸದ್ದಿನ ಜೊತೆ ಬೇಕು. ಹಳೆಯ ರೆಕಾರ್ಡಿಂಗ್ ಹಳೆಯ ನಿರ್ಮಾಪಕರ ಸೊತ್ತು, ಹಾಗಾಗಿ ಹೊಸದಾಗಿ ಮಾಡಿಕೊಡಬೇಕು. ಒಂದು ತಿಂಗಳ ಒಳಗೆ.

ಅಂದು ನಾನು ಗೂಡಿನ ಮಾರುಕಟ್ಟೆಯ ಸುದ್ದಿಗೆಂದು ಶಿಡ್ಲಘಟ್ಟಕ್ಕೆ ಹೋಗಿದ್ದವನು ಅವರ ಮನೆಗೂ ಹೋದೆ. ಶೆಡ್ಡಿನಲ್ಲಿ ಅಪ್ಪ ಮಗ ಎದುರುಬದುರಾಗಿದ್ದರು.

"ಎಣ್ಣೆ ಹಾಕೋಕೆ ಮುಂಚೆ ಒಂದು ಮಾತು ಕೇಳಬಾರ್ದಿತ್ತಾ ಅಪ್ಪ?"

"ನನ್ನ ಚರಕಕ್ಕೆ ಎಣ್ಣೆ ಹಾಕಕ್ಕೆ ಯಾರನ್ನ ಕೇಳ್ಬೇಕು?"

"ಅದು ನನ್ನ ಕೆಲಸ ಆಗಿತ್ತು."

"ಯಾವ್ದು, ಕಿರ್ ಅನ್ನೋದಾ?"

"ಹೂಂ. ಅದೇ."

ಆಂಜಿನಪ್ಪನವರು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಮುನಿರಾಜು ಅಚ್ಚಿಗೆ ಬೂದಿ ಉಜ್ಜಿ ನೋಡಿದ, ಇಲಿಯಂತೆ ಕೀಚುಗುಟ್ಟಿತು. ಮಣ್ಣು ಉಜ್ಜಿದ, ಕೆಮ್ಮಿತು. ಚರಕ ಬಿಟ್ಟು, ಗಾಜಿನ ಸೀಸೆಯನ್ನು ತಂತಿಯ ಮೇಲೆ ಜಾರಿಸಿ ಬರೀ ಗಿಟಾರಿನಲ್ಲೇ ಆ ಸದ್ದು ತೆಗೆಯಲು ನೋಡಿದ. ಚೆನ್ನಾಗಿಯೇ ಬಂತು. ಅದನ್ನು ಫೋನಿನಲ್ಲಿ ಕೇಳಿದ ನಿರ್ದೇಶಕರು, "ಇದು ಗಿಟಾರು ಕಣಯ್ಯಾ" ಎಂದರು. ಅವನಿಗೆ ಅಲ್ಲಿಯವರೆಗೆ ಯಾರೂ ಅಷ್ಟು ಬೇಸರದಿಂದ ಆ ಮಾತು ಹೇಳಿರಲಿಲ್ಲ. ಅವನು ಗಿಟಾರನ್ನು ಮತ್ತೆ ಗೂಟಕ್ಕೆ ಹಾಕಿ ಅದರ ಮೇಲೆ ಟವೆಲ್ ಹೊದಿಸಿದ.

ಇದನ್ನೆಲ್ಲ ಜಗಲಿಯಿಂದ ಕೇಳಿಸಿಕೊಂಡ ಆಂಜಿನಪ್ಪನವರು ಎದ್ದು ಬಂದು "ನಡಿ" ಎಂದರು. ಎಲ್ಲಿಗೆಂದು ಹೇಳಲಿಲ್ಲ. ನಾನೂ ಹಿಂದೆ ಹೋದೆ.

ಅವರು ಹೋದದ್ದು ಬೀದಿಯ ಶೆಡ್ಡುಗಳಿಗೆ. ಪ್ರತಿ ಬಾಗಿಲಲ್ಲೂ ನಿಂತು, ಸಾಲ ಕೇಳುವವರಿಗಿಂತ ಹೆಚ್ಚು ಸಂಕೋಚದಿಂದ, "ನಿಮ್ಮಲ್ಲಿ ಕಿರ್ ಅನ್ನೋ ಚರಕ ಏನಾದ್ರೂ ಇದ್ಯಾ?" ಎಂದು ಕೇಳಿದರು. ಒಬ್ಬರು ನೀರು ಕೊಡಲು ಎತ್ತಿದ ಚೊಂಬನ್ನು ಕೆಳಗಿಟ್ಟರು. ಇನ್ನೊಬ್ಬರು, "ನಮ್ಮಲ್ಲಾ? ಯಾವನಂದ?" ಎಂದು ಬಾಗಿಲಿಗೆ ಬಂದರು. ವಿಷಯ ಬಿಡಿಸಿ ಹೇಳಿದ್ದು ಬಾಬಾಜಾನ್ ಸಾಹೇಬರು.

"ಎಲ್ಲಿ ಹುಡುಕ್ತೀಯ ಆಂಜಿನಪ್ಪ. ಆ ಸಿನಿಮಾ ನೋಡಿದ್ಮೇಲೆ ಊರೆಲ್ಲ ಎಣ್ಣೆ ಹಾಕ್ಬಿಟ್ಟಿದೆ. ನಾಳೆ ನಮ್ದೂ ತೆರೆ ಮೇಲೆ ಬಂದ್ರೆ ಅಂತ. ನಾನೇ ಎರಡೆರಡು ಸಲ ಹಾಕಿದೀನಿ."

ಆ ಬೀದಿಯಲ್ಲಿ ಎಲ್ಲ ಚರಕಗಳೂ ನಿಶ್ಶಬ್ದವಾಗಿ ತಿರುಗುತ್ತಿದ್ದವು. ನಾನು ವರದಿ ಮಾಡದೆ ಬಿಟ್ಟ ಸುದ್ದಿಗಳಲ್ಲಿ ಇದೂ ಒಂದು.

ಮನೆಗೆ ಬಂದ ಮೇಲೆ ಆಂಜಿನಪ್ಪನವರು ಬಾಗಿಲ ಪಕ್ಕದ ಚರಕದ ಹತ್ತಿರ ಹೋದರು. ಅದರ ಬಾಣಲೆಯ ಕೆಳಗಿನ ಬೆಂಕಿ ಆರಿಸಿದರು. ಅಲ್ಲಿ ಕೆಲಸ ಮಾಡುತ್ತಿದ್ದವರನ್ನು ಇನ್ನೊಂದು ಚರಕಕ್ಕೆ ಕಳಿಸಿದರು. ಅಚ್ಚು ಬಿಚ್ಚಿ ಬಿಸಿನೀರು, ಸೋಪಿನ ಪುಡಿ ಹಾಕಿ ಉಜ್ಜಿ, ಬಿಸಿಲಿಗಿಟ್ಟರು.

"ಇದಕ್ಕೆ ಬೂದಿ ಗೀದಿ ಎಲ್ಲ ಹಾಕ್ಬಾರ್ದು. ಸುಮ್ನೆ ನಿಲ್ಲಿಸಿ ಬಿಡ್ಬೇಕು. ಅದು ತಾನಾಗೇ ಒಣಗ್ಬೇಕು" ಎಂದರು.

"ತಿಂಗಳೊಳಗೆ ಒಣಗುತ್ತಾ ಅಪ್ಪ?"

"ನೋಡೋಣ. ನೀನು ಮುಟ್ಬೇಡ."

ಮೂರನೆಯ ವಾರ ಮುನಿರಾಜು ನನಗೆ ಫೋನ್ ಮಾಡಿ, "ವೈರ್ ಸುತ್ತೋಕೆ ಬಾ" ಎಂದ. ಹೋದಾಗ ಶೆಡ್ಡಿನಲ್ಲಿ ಉಳಿದ ಚರಕಗಳನ್ನು ನಿಲ್ಲಿಸಿದ್ದರು. ಗಿಟಾರ್ ಚೌಕಟ್ಟಿಗೆ ಒರಗಿತ್ತು. ಮುನಿರಾಜು ನೆಲದ ಮೇಲೆ ಕೂತು ತಂತಿಗಳ ಮೇಲೆ ಬೆರಳಿಟ್ಟಿದ್ದ. ರಾಟೆಯ ಹಿಡಿ ಆಂಜಿನಪ್ಪನವರ ಕೈಯಲ್ಲಿತ್ತು.

ಅವರು ಅರ್ಧ ಸುತ್ತು ತಿರುಗಿಸಿದರು. ಸದ್ದು ಬಂತು. ಮೊದಲಿನದಕ್ಕಿಂತ ಕೆಳಗಿನಿಂದ ಬಂತು. ನನ್ನ ಕುತ್ತಿಗೆಯ ಕೂದಲು ನಿಂತದ್ದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ. ಆಂಜಿನಪ್ಪನವರು ಕೈ ನಿಲ್ಲಿಸಿ ಮಗನನ್ನು ಕೇಳಿದರು:

"ಗಂಡು ದೆವ್ವಾನೋ ಹೆಣ್ಣು ದೆವ್ವಾನೋ?"

"ಹೆಣ್ಣು."

"ವಯಸ್ಸು?"

ವಯಸ್ಸು ಕೇಳುವುದು ನಮ್ಮ ಕಸುಬಿನವರು ಮಾತ್ರ ಎಂದುಕೊಂಡಿದ್ದೆ.

"ಚಿಕ್ಕೋಳು ಅಪ್ಪ. ಮದುವೆಯಾಗಿ ಸ್ವಲ್ಪ ದಿನ ಆಗಿರುತ್ತೆ."

"ಎಲ್ಲಿಂದ ಬರ್ತಾಳೆ?"

"ಬಾವಿಯಿಂದ."

"ನಮ್ಮ ಕಡೆ ಬರ್ತಿದಾಳೋ, ಹೋಗ್ತಿದಾಳೋ?"

"ಮೊದ್ಲು ಬರ್ತಾಳೆ. ಆಮೇಲೆ ಯಾರೋ ಹೆಸರು ಹಿಡಿದು ಕರೀತಾರೆ, ನಿಂತ್ಕೋತಾಳೆ."

ಆಂಜಿನಪ್ಪನವರು ಪಂಚೆ ಎತ್ತಿ ಕಟ್ಟಿದರು. ಆಮೇಲೆ ಹಿಡಿಯನ್ನು ಬಲು ನಿಧಾನವಾಗಿ, ನೂಲು ಕಡಿಯಬಾರದೆನ್ನುವವರಂತೆ ತಿರುಗಿಸಿದರು. ಅವಳು ಬಂದಳು. ಬಂದು, ನಿಂತಳು. ಗೋಡೆಯಾಚೆಯಿಂದ ಬಾಬಾಜಾನ್ ಸಾಹೇಬರು, "ಆಂಜಿನಪ್ಪ, ಸಾಕಯ್ಯಾ, ಮನೇಲಿ ಮಕ್ಕಳು ಅಳ್ತಾ ಅವೆ" ಎಂದು ಕೂಗಿದರು. ಮುನಿರಾಜು ತಂತಿಗಳ ಮೇಲಿಂದ ಬೆರಳು ತೆಗೆಯದೆ ನಕ್ಕ. ಆ ಕೂಗೂ ರೆಕಾರ್ಡ್ ಆಗಿತ್ತು. ಅದನ್ನು ಆಮೇಲೆ ತೆಗೆಸಬೇಕಾಯಿತು.

ಎರಡನೆಯ ಸಿನಿಮಾ ಶಿಡ್ಲಘಟ್ಟಕ್ಕೆ ಬರುವ ಹೊತ್ತಿಗೆ ಚಿಕ್ಕಬಳ್ಳಾಪುರ ಜಿಲ್ಲೆಯಾಗಿತ್ತು, ನಮ್ಮ ಸುದ್ದಿಗೆ ಬೇರೆಯೇ ಪುಟ ಸಿಕ್ಕಿತ್ತು. ಅದೇ ಥಿಯೇಟರು, ಹೆಚ್ಚುಕಡಿಮೆ ಅದೇ ಸಾಲು. ಬಾವಿ ಕಂಡಿತು. ಸದ್ದು ಬಂತು. ಹಿಂದಿನಿಂದ ಒಂದು ಧ್ವನಿ, ಮರೆತಿಲ್ಲ ಎಂಬುದನ್ನು ತೋರಿಸುವಂತೆ, ಕೂಗಿತು:

"ಆಂಜಿನಪ್ಪಣ್ಣ, ಎಣ್ಣೆ."

ಆಂಜಿನಪ್ಪನವರು ತೆರೆಯ ಮೇಲಿನ ಕಣ್ಣು ಕೀಳದೆ ಹೇಳಿದರು:

"ಹಾಕಲ್ಲ ಕಣೋ. ಸುಮ್ನೆ ನೋಡು."

ಒಂದಿಷ್ಟು ಜನ ನಕ್ಕರು. ಅವಳು ಬಾವಿಯಿಂದ ಮೇಲೆ ಬಂದ ಮೇಲೆ ಯಾರೂ ನಗಲಿಲ್ಲ.

ಮುನಿರಾಜು ಈಗ ಬೆಂಗಳೂರಿನಲ್ಲಿದ್ದಾನೆ. ಒಂದು ಬ್ಯಾಂಡಿನಲ್ಲಿ ನುಡಿಸುತ್ತಾನೆ, ದೆವ್ವದ ಸಿನಿಮಾ ಬಂದಾಗ ಊರಿಗೆ ಬರುತ್ತಾನೆ. ಹೋದ ತಿಂಗಳು ಗೂಡಿನ ಮಾರುಕಟ್ಟೆಗೆ ಹೋಗಿದ್ದಾಗ ನಾನು ಆಂಜಿನಪ್ಪನವರ ಶೆಡ್ಡಿಗೆ ಹೋಗಿದ್ದೆ. ಎರಡು ಚರಕ ತಿರುಗುತ್ತಿದ್ದವು. ಅವರು ಡಬ್ಬಿ ಹಿಡಿದು ಮೊದಲನೆಯದಕ್ಕೆ ಎಣ್ಣೆ ಬಿಟ್ಟರು, ಎರಡನೆಯದಕ್ಕೆ ಬಿಟ್ಟರು, ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟು ಕೈ ಒರೆಸಿಕೊಂಡರು. ಬಾಗಿಲ ಪಕ್ಕದ ಚರಕಕ್ಕೆ ಒಣಗಿದ ಗೋಣಿಚೀಲ ಹೊದಿಸಿತ್ತು.